ತಾಂಡಿಕುಡಿಗೆ ಕಳಿಸಿದ ನಾಯಿ

ಶಿವಕಾಶಿ
14 ಆಗಸ್ಟ್ 1994

ಪ್ರೀತಿಯ ತಂಗಿ ಕನಿಗೆ,

ಈ ಕಾಗದವನ್ನು ನಿನ್ನ ಭಾವನ ಕೈಯಲ್ಲೇ ಕೊಟ್ಟು ಕಳಿಸುತ್ತಿದ್ದೇನೆ, ಜೊತೆಗೆ ಸೆವಲೆಯನ್ನೂ. ನೀನು ಇದನ್ನು ಓದುವ ಹೊತ್ತಿಗೆ ನಾಯಿ ನಿನ್ನ ಮನೆಯ ಯಾವುದೋ ಮೂಲೆಯಲ್ಲಿ ನಡುಗುತ್ತ ಕೂತಿರುತ್ತದೆ.

ಜೂನ್ ತಿಂಗಳಲ್ಲಿ ನಮ್ಮ ಬೀದಿಯ ಹಿಂದಿನ ಪಟಾಕಿ ಘಟಕ ಸಿಡಿದ ಸುದ್ದಿ ನಿನಗೆ ಗೊತ್ತೇ ಇದೆ. ನಾಲ್ಕು ಜನ ಹೋದರು. ನಿನ್ನ ಭಾವ ಬದುಕಿ ಬಂದರು. ಎಡಗಿವಿ ಒಂದಿಷ್ಟು ಮಂದವಾಗಿದೆ, ಬೇರೇನೂ ಇಲ್ಲ. ಈಗ ಅದೇ ಮಾಲೀಕರ ಇನ್ನೊಂದು ಘಟಕಕ್ಕೆ ಹೋಗುತ್ತಿದ್ದಾರೆ. ಗಂಡಸರು ಎಷ್ಟು ಬೇಗ ಮರೆಯುತ್ತಾರೆ ನೋಡು. ಸೆವಲೆಗೆ ಮಾತ್ರ ಮರೆಯಲಾಗಿಲ್ಲ. ಅವತ್ತು ಅದನ್ನು ಹಿತ್ತಲಲ್ಲಿ ಕಟ್ಟಿದ್ದೆ. ಸರಪಳಿ ಕಿತ್ತುಕೊಂಡು ಓಡಿದ್ದು ಮೂರನೇ ದಿನ ತಿರುತ್ತಂಗಲ್ ರಸ್ತೆಯಲ್ಲಿ ಸಿಕ್ಕಿತು. ಅಂದಿನಿಂದ ಎಲ್ಲೋ ದೂರದಲ್ಲಿ ಪರೀಕ್ಷೆಗೆಂದು ಒಂದು ಪಟಾಕಿ ಸರ ಹಚ್ಚಿದರೂ ಸಾಕು, ಅಕ್ಕಿ ಡಬ್ಬದ ಹಿಂದೆ ನುಗ್ಗುತ್ತದೆ. ಎಳೆಯಲು ಹೋದರೆ ಕಚ್ಚುತ್ತದೆ. ಈ ಊರಿನಲ್ಲಿ ಪಟಾಕಿ ಸದ್ದಿಲ್ಲದ ದಿನ ಯಾವುದಿದೆ ಹೇಳು. ಹೋದ ವಾರ ಅಂಚೆಯವರ ಮೀನಖಂಡಕ್ಕೆ ಬಾಯಿ ಹಾಕಿತು. "ಇನ್ನೊಂದ್ಸಲ ಹೀಗಾದ್ರೆ ಪುರಸಭೆಯೋರ್ನ ಕರೀತೀನಿ ಅಕ್ಕಾ, ಆಮೇಲೆ ನನ್ನ ಬೈಕೋಬೇಡಿ" ಎಂದು ಹೇಳಿ ಹೋದರು.

ನಿಮ್ಮ ಪ್ರಾಣಿ ಆಸ್ಪತ್ರೆಗೆ ತೋಟದವರು ಕಚ್ಚುವ ನಾಯಿಗಳನ್ನು ತಂದು ಬಿಡುತ್ತಾರೆ, ಕಾಂಪೌಂಡರಮ್ಮ ಏಟು ಹಾಕದೆ ಸರಿಮಾಡುತ್ತಾಳೆ ಎಂದು ನೀನೇ ಹೋದ ವರ್ಷ ಜಂಬ ಕೊಚ್ಚಿಕೊಂಡಿದ್ದೆಯಲ್ಲ, ಈಗ ಮಾಡಿ ತೋರಿಸು. ಮೊಸರನ್ನಕ್ಕೆ ಉಪ್ಪು ಹಾಕಬೇಡ. ಅದು ನನ್ನ ಕೈಯಿಂದ ಮಾತ್ರ ತಿನ್ನುವುದು, ತಟ್ಟೆಯಲ್ಲಿ ಇಟ್ಟರೆ ಮೂಸಿಯೂ ನೋಡುವುದಿಲ್ಲ. ಮೊದಲ ವಾರ ಉಪವಾಸ ಬಿದ್ದರೆ ಗಾಬರಿಯಾಗಬೇಡ.

ದೀಪಾವಳಿ ಮುಗಿದ ಮರುವಾರ ಕಳಿಸಿಬಿಡು. ಮಗಳು ಮದುವೆಯಾಗಿ ತೂತುಕುಡಿಗೆ ಹೋದ ಮೇಲೆ ಈ ಮನೆಯಲ್ಲಿ ನನ್ನ ಹಿಂದೆ ಮುಂದೆ ಸುತ್ತುವ ಜೀವ ಅದೊಂದೇ.

ನಿನ್ನ ಅಕ್ಕ,
ಅನ್ನಪಾಕಿಯಂ


ತಾಂಡಿಕುಡಿ
27 ಆಗಸ್ಟ್ 1994

ಪ್ರೀತಿಯ ಅಕ್ಕನಿಗೆ,

ಸೆವಲೆ ಮೂರು ದಿನ ನನ್ನ ಮಂಚದ ಕೆಳಗಿಂದ ಈಚೆ ಬರಲಿಲ್ಲ. ನಾನೂ ಎಳೆಯಲಿಲ್ಲ. ಅಲ್ಲಿಗೇ ಒಂದು ಗೋಣಿಚೀಲ ನೂಕಿ, ನೀರಿಟ್ಟು, ಸುತ್ತ ಹಳೆಯ ಸೀರೆ ಇಳಿಬಿಟ್ಟೆ. ಆಸ್ಪತ್ರೆಯಿಂದ ಬಂದ ಮೇಲೆ ಮಂಚಕ್ಕೆ ಬೆನ್ನು ಹಾಕಿ ನೆಲದ ಮೇಲೆ ಕೂತು ಬಟಾಣಿ ಸುಲಿಯುತ್ತಿದ್ದೆ. ತಿರುಗಿ ನೋಡಲಿಲ್ಲ, ಹೆಸರು ಹಿಡಿದು ಕರೆಯಲಿಲ್ಲ. ಹೆದರಿದ ನಾಯಿಯ ಕಣ್ಣನ್ನು ನೇರವಾಗಿ ನೋಡಿದರೆ ಅದು ಜಗಳಕ್ಕೆ ಕರೆದಂತೆ. ನಾವು ಇದ್ದೂ ಇಲ್ಲದ ಹಾಗೆ ಇರಬೇಕು, ಹತ್ತಿರ ಬರುವುದು ಬಿಡುವುದು ಅದಕ್ಕೇ ಸೇರಿದ್ದು. ನಾಲ್ಕನೇ ದಿನ ನನ್ನ ಹಿಮ್ಮಡಿಗೆ ಒದ್ದೆ ಮೂಗು ತಾಕಿತು. ಆಮೇಲೆ ಒಂದು ಸಲ ನೆಕ್ಕಿತು.

ಮೊದಲ ಎರಡು ದಿನ ಭಾವನೂ ಇಲ್ಲೇ ಇದ್ದರು. ವತ್ತಲಗುಂಡಿನ ಬಸ್ಸು ತಪ್ಪಿತಂತೆ. ಜಗಲಿಯಲ್ಲಿ ಕೂತು ಕಾಫಿ ಗಿಡ ನೋಡುತ್ತಿದ್ದರು. "ಇಲ್ಲಿ ಏನೂ ಕೇಳ್ಸೋದೇ ಇಲ್ವಲ್ಲ ಕನಿ" ಎಂದರು. "ಭಾವ, ನಿಮ್ಮ ಕಿವಿ ಮಂದ ಆಗಿರೋದು" ಎಂದೆ. ನಕ್ಕರು.

ನೀನು ಕಳಿಸಿದ ಸಾತ್ತೂರಿನ ಖಾರಸೇವು ನಾನು, ಡಾಕ್ಟರಮ್ಮ ಇಬ್ಬರೂ ಸೇರಿ ಒಂದೇ ದಿನದಲ್ಲಿ ಮುಗಿಸಿದೆವು.

ನಿನ್ನ
ಕನಿ


ಶಿವಕಾಶಿ
9 ಸೆಪ್ಟೆಂಬರ್ 1994

ಕನಿಗೆ,

ನಾಲ್ಕು ದಿನಕ್ಕೇ ನಿನ್ನ ಹಿಮ್ಮಡಿ ನೆಕ್ಕಿತೆಂದು ಬರೆದಿದ್ದೀಯ. ಬಟಾಣಿ ಸಿಪ್ಪೆಯ ವಾಸನೆಗೆ ಬಂದಿರಬೇಕು. ಅದು ಹಾಗೆಲ್ಲ ಹೊಸಬರ ಹತ್ತಿರ ಹೋಗುವ ನಾಯಿಯಲ್ಲ. ಆರು ವರ್ಷ ಸಾಕಿದ್ದೇನೆ, ನನಗೆ ಗೊತ್ತಿಲ್ಲವೇ.

ಬಸ್ಸು ತಪ್ಪಿತು ಎಂದದ್ದೂ ವಿಚಿತ್ರ. ದಿನಕ್ಕೆ ನಾಲ್ಕು ಬಸ್ಸು ಬಿಡುವ ಊರಿನಲ್ಲಿ ಎರಡು ದಿನ ಬಸ್ಸು ತಪ್ಪುವುದು ಹೇಗೆ? ಮನೆಗೆ ಬಂದವರು "ಕನಿ ಮನೇಲಿ ಏನ್ ತಣ್ಣಗಿದೆ ಗೊತ್ತಾ" ಎಂದರು. ಇಲ್ಲಿ ನಾನು ಕ್ಯಾಲೆಂಡರ್ ಹಾಳೆಗಳಿಗೆ ಅಂಟು ಹಚ್ಚುತ್ತ ಬೆವರಿನಲ್ಲಿ ಮುಳುಗಿದ್ದೆ. "ತಣ್ಣಗಿದ್ರೆ ಅಲ್ಲೇ ಇರಬಹುದಿತ್ತಲ್ಲ" ಎಂದೆ. ಎದ್ದು ಹಿತ್ತಲಿಗೆ ಹೋದರು. ಹೊಸ ಘಟಕದಲ್ಲಿ ಏನು ಹೊರಿಸುತ್ತಾರೋ, ಭುಜವೆಲ್ಲ ಬಾತಿತ್ತು. ಎಣ್ಣೆ ಹಚ್ಚಿ ತಿಕ್ಕಿದೆ. ಗೋಡೆಗೆ ತಿರುಗಿ ಮಲಗಿದರು.

ಊಟ ಮಾಡುತ್ತಿದೆಯೋ ಇಲ್ಲವೋ ಅದನ್ನೇ ಬರೆದಿಲ್ಲ ನೀನು. ಮಾಡುತ್ತಿಲ್ಲ ತಾನೆ?

ಅಕ್ಕ


ತಾಂಡಿಕುಡಿ
25 ಸೆಪ್ಟೆಂಬರ್ 1994

ಪ್ರೀತಿಯ ಅಕ್ಕನಿಗೆ,

ಊಟ ಮಾಡುತ್ತಿದೆ, ತಟ್ಟೆಯಿಂದಲೇ. ಬೇಜಾರು ಮಾಡಿಕೊಳ್ಳಬೇಡ.

ಈಗ ಸದ್ದಿನ ಪಾಠ ಶುರುಮಾಡಿದ್ದೇನೆ. ಪಕ್ಕದ ಕೋಣೆಯಲ್ಲಿ ಬೆಂಕಿಪೆಟ್ಟಿಗೆಯನ್ನು ಒಂದು ಸಲ ಅಲ್ಲಾಡಿಸುವುದು, ತಕ್ಷಣ ಬೇಯಿಸಿದ ಲಿವರ್‌ನ ಒಂದು ಚೂರು ಕೊಡುವುದು. ಮತ್ತೆ ಅಲ್ಲಾಡಿಸುವುದು, ಮತ್ತೆ ಚೂರು. ಸದ್ದು ಬಂದರೆ ಏನೋ ಒಳ್ಳೆಯದು ಬರುತ್ತದೆ ಎಂದು ಅದರ ಹೊಟ್ಟೆಗೆ ತಿಳಿಯಬೇಕು, ತಲೆಗಲ್ಲ. ಚೂರು ಬೇಡವೆಂದು ಮುಖ ತಿರುಗಿಸಿದರೆ, ಅಥವಾ ನಿದ್ದೆ ಬರದೆಯೂ ಆಕಳಿಸಿದರೆ, ನಾನು ಅವಸರ ಮಾಡಿದ್ದೇನೆ ಎಂದು ಅರ್ಥ. ಆಗ ಎರಡು ಹೆಜ್ಜೆ ಹಿಂದೆ ಹೋಗಬೇಕು. ನಿನ್ನೆ ಸ್ಟೀಲ್ ಲೋಟ ಬಿದ್ದಾಗ ಓಡಲಿಲ್ಲ, ನನ್ನ ಮುಖ ನೋಡಿತು, 'ಎಲ್ಲಿ ನನ್ನ ಚೂರು' ಅನ್ನುವ ಹಾಗೆ.

ನಿನ್ನಿಂದ ಒಂದು ಉಪಕಾರವಾಗಬೇಕು. ನಿಮ್ಮ ಮಾಳಿಗೆ ಮೇಲೆ ನಿಂತು ಪಟಾಕಿ ಪರೀಕ್ಷೆಯ ಸದ್ದನ್ನು ಕ್ಯಾಸೆಟ್ಟಿಗೆ ಹಿಡಿದು ಕಳಿಸು. ಇಲ್ಲಿ ಅದನ್ನು ಕೇಳಿಯೂ ಕೇಳದಷ್ಟು ಸಣ್ಣಗೆ ಹಾಕಿ, ದಿನಕ್ಕಿಷ್ಟು ಜೋರು ಮಾಡುತ್ತ ಹೋಗುತ್ತೇನೆ.

ಹೋದ ಭಾನುವಾರ ಭಾವ ಬಂದಿದ್ದರು. ಅವರನ್ನು ಕಂಡು ಸೆವಲೆ ಅರ್ಧ ತಾಸು ಕುಣಿಯಿತು. ಮುಂದಿನ ಸಲ ನೀನೂ ಬಾ.

ಕನಿ


ಶಿವಕಾಶಿ
8 ಅಕ್ಟೋಬರ್ 1994

ಕಾಂಪೌಂಡರಮ್ಮನವರಿಗೆ,

ಕ್ಯಾಸೆಟ್ ಇದರ ಜೊತೆಗಿದೆ. ಪಕ್ಕದ ಮನೆ ಪೇಚಿಯಮ್ಮನ ಟೇಪ್ ರೆಕಾರ್ಡರ್ ಇಸಿದುಕೊಂಡು ನಿನ್ನ ಭಾವ ಮನೆಯಲ್ಲೇ ಇದ್ದ ಒಂದು ಮಧ್ಯಾಹ್ನ ಮಾಳಿಗೆ ಮೇಲೆ ಕೂತೆ. ಈಗ ಹಬ್ಬದ ಮುಂಚಿನ ಪರೀಕ್ಷೆ, ಸದ್ದಿಗೇನೂ ಬರವಿಲ್ಲ. ಕೊನೆಯಲ್ಲಿ ಸೆವಲೆಗೆಂದು ನಾನು ನಾಲ್ಕು ಮಾತು ಆಡಿದ್ದೇನೆ. ಅದನ್ನು ತಪ್ಪದೆ ಕೇಳಿಸು. ಕೇಳಿ ಏನು ಮಾಡಿತು ಎಂದು ಒಂದಕ್ಷರ ಬಿಡದೆ ಬರಿ.

ಟೇಪು ವಾಪಸ್ ಕೊಡಲು ಹೋದಾಗ ಪೇಚಿಯಮ್ಮ ಬಾಗಿಲಲ್ಲೇ ಹಿಡಿದುಕೊಂಡಳು. "ಏನಕ್ಕಾ, ನಿಮ್ ಯಜಮಾನ್ರು ಮತ್ತೆ ಬೆಟ್ಟಕ್ಕೆ ಹೊರಟ್ರಂತೆ?"

"ಹೂಂ, ನಾಯಿ ನೋಡೋಕೆ."

"ನಾಯಿ ನೋಡೋಕೆ ಇಸ್ತ್ರಿ ಅಂಗಿ ಬೇರೆ. ಪುಣ್ಯ ಮಾಡಿದ ನಾಯಿ ಬಿಡಿ."

ನಾನೂ ನಕ್ಕೆ. ನಗದೆ ಇನ್ನೇನು ಮಾಡಲಿ. ಮನೆಗೆ ಬಂದು ಅಂಟಿನ ಡಬ್ಬ ಕಲಸುವಾಗ ಕೈಗೆ ಬಂದ ಸಿಟ್ಟಿಗೆ ಡಬ್ಬವೇ ಉರುಳಿತು.

ಕರೆಯುವ ಹಾಗಿದ್ದರೆ ಮೊದಲೇ ಕರೆಯಬೇಕಿತ್ತು. ಮುಂದಿನ ಸಲ ಬಾ ಎಂದರೆ ನಾನು ಇಷ್ಟು ಕ್ಯಾಲೆಂಡರ್ ಆರ್ಡರ್ ಬಿಟ್ಟು ಹೇಗೆ ಬರಲಿ? ಡಿಸೆಂಬರ್ ತನಕ ನನಗೆ ತಲೆ ಎತ್ತಲು ಆಗುವುದಿಲ್ಲ ಎಂದು ನಿನಗೆ ಗೊತ್ತಿದ್ದೇ ಕರೆದಿದ್ದೀಯ.

ಅನ್ನಪಾಕಿಯಂ


ತಾಂಡಿಕುಡಿ
30 ಅಕ್ಟೋಬರ್ 1994

ಅಕ್ಕನಿಗೆ,

ಕ್ಯಾಸೆಟ್ ತಲುಪಿತು. ತುಂಬ ಉಪಯೋಗವಾಯಿತು. ಪಟಾಕಿ ಸದ್ದನ್ನು ಈಗ ಅರ್ಧ ಜೋರಿನಲ್ಲಿ ಹಾಕಿದರೂ ಸೆವಲೆ ಮಲಗಿದಲ್ಲೇ ಮಲಗಿರುತ್ತದೆ. ನೀನು ಆಡಿದ ಮಾತನ್ನೂ ಕೇಳಿಸಿದೆ.

ಇಲ್ಲಿ ಮೂರು ದಿನದಿಂದ ಮಂಜು ಬಿಟ್ಟಿಲ್ಲ. ಆಸ್ಪತ್ರೆಯಲ್ಲಿ ಕೆಲಸ ಹೆಚ್ಚು. ನಿನ್ನ ಆರೋಗ್ಯ ನೋಡಿಕೋ.

ಕನಿ


ಶಿವಕಾಶಿ
20 ನವೆಂಬರ್ 1994

ಸೆಲ್ವಕನಿಗೆ,

ಕೇಳಿಸಿದೆ ಎಂದರೆ ಸಾಕೇ? ಕೇಳಿ ಏನು ಮಾಡಿತು? ಬಾಲ ಅಲ್ಲಾಡಿಸಿತೋ, ಎದ್ದು ಬಂತೋ, ಅತ್ತಿತೋ? ಹಿಮ್ಮಡಿ ನೆಕ್ಕಿದ್ದನ್ನು ಅರ್ಧ ಪುಟ ಬರೆಯುವವಳಿಗೆ ನನ್ನ ದನಿ ಕೇಳಿದ್ದನ್ನು ಬರೆಯಲು ಶಾಯಿ ಮುಗಿಯಿತೇನು?

ಈ ವರ್ಷದ ದೀಪಾವಳಿಗೆ ನಾನು ಒಬ್ಬಳೇ ಎಣ್ಣೆ ನೀರು ಹಾಕಿಕೊಂಡೆ. ಹಿಂದಿನ ದಿನ ಬೆಳಿಗ್ಗೆ ನಿನ್ನ ಭಾವ ಚೀಲ ಹಿಡಿದು ಹೊರಟರು. "ಹಬ್ಬದ ದಿನ ಸೆವಲೆ ಹೆದರ್ಕೊಳ್ಳುತ್ತೆ, ನಾನು ಜೊತೇಲಿರ್ಬೇಕು" ಅಂತ. "ಇಪ್ಪತ್ತಾರು ವರ್ಷದಿಂದ ನಾನಿಲ್ಲಿದೀನಿ, ನನ್ನ ಜೊತೇಲಿ ಯಾರಿರ್ಬೇಕು?" ಎಂದು ಕೇಳಿದೆ. ಚಪ್ಪಲಿ ಮೆಟ್ಟಿಕೊಳ್ಳುತ್ತ ಬಾಗಿದವರು ತಲೆ ಎತ್ತಲೇ ಇಲ್ಲ. ತೂತುಕುಡಿಯಿಂದ ಮಗಳು ಅಳಿಯ ಬಂದರು. ಅಪ್ಪ ಎಲ್ಲಿ ಎಂದರು. ಚಿಕ್ಕಮ್ಮನ ಮನೆಗೆ ಎಂದೆ. ಅಳಿಯ ಲಾಡು ಬಾಯಿಗೆ ಹಾಕಿಕೊಂಡರು.

ಇನ್ನೊಂದು ಮಾತು. ಮದುವೆಯಾದ ದಿನದಿಂದ ಅವರ ಅಂಗಿಯಲ್ಲಿ ಪಟಾಕಿ ಮದ್ದಿನ ವಾಸನೆ. ಎಷ್ಟು ಒಗೆದರೂ ಹೋಗುತ್ತಿರಲಿಲ್ಲ, ಅದು ನನಗೆ ಅವರದೇ ವಾಸನೆಯಾಗಿತ್ತು. ಈಗ ಅದಿಲ್ಲ. ಯಾವ ಅಂಗಿ ಮೂಸಿದರೂ ಬರೀ ಧೂಳು, ಸೋಪು. ಯಾರಿಗಾಗಿ ಇಷ್ಟು ಶುಚಿ?

ಕಾರ್ತಿಕ ಮಾಸ ಮುಗಿಯುವುದರೊಳಗೆ ನನ್ನ ನಾಯಿ ನನ್ನ ಮನೆಯಲ್ಲಿರಬೇಕು.

ಅನ್ನಪಾಕಿಯಂ


ತಾಂಡಿಕುಡಿ
2 ಡಿಸೆಂಬರ್ 1994

ಅಕ್ಕನಿಗೆ,

ಸೆವಲೆ ಇನ್ನೂ ಪೂರ್ತಿ ಸರಿಯಾಗಿಲ್ಲ. ಈಗ ಕಳಿಸಿದರೆ ಮಾಡಿದ್ದೆಲ್ಲ ನೀರಿಗೆ ಹಾಕಿದಂತೆ. ಪೊಂಗಲ್ ಕಳೆಯಲಿ. ಮಿಕ್ಕದ್ದಕ್ಕೆ ನಾನು ಉತ್ತರ ಕೊಡುವುದಿಲ್ಲ.

ಕನಿ


ಶಿವಕಾಶಿ
17 ಜನವರಿ 1995

ಸೆಲ್ವಕನಿ,

ಪೊಂಗಲ್ ಕಳೆಯಿತು.

ಅಂಗಿ ಒಗೆಯುವಾಗ ಜೇಬಿನಲ್ಲಿ ಒಂದು ಚೀಟಿ ಸಿಕ್ಕಿತು. ನಿನ್ನ ಕೈಬರಹ ನನಗೆ ಗೊತ್ತಿಲ್ಲವೇ, ಸ್ಲೇಟು ಹಿಡಿಸಿ ಕಲಿಸಿದವಳೇ ನಾನು. "ಬರುವಾಗ ಆ ನೀಲಿ ಅಂಗಿ ತನ್ನಿ. ಈ ಸಲ ಹಾಕಿಕೊಳ್ಳಲೇಬೇಕು. ಅಕ್ಕನಿಗೆ ಹೇಳಬೇಡಿ." ಮೂರು ಸಾಲು. ಅದನ್ನು ಎಷ್ಟು ಸಲ ಓದಿದೆ ಎಂದರೆ ಒದ್ದೆ ಕಾಗದ ನನ್ನ ಕೈಯಲ್ಲೇ ಒಣಗಿತು.

ಚಿಕ್ಕಂದಿನಿಂದ ಇದೇ ಆಯಿತು. ಅಪ್ಪ ನನಗೆಂದು ತಂದ ಮೇಕೆಮರಿ ವಾರದೊಳಗೆ ನಿನ್ನ ಹಿಂದೆ ಹೊರಟಿತು. ಸೊಪ್ಪು ತರುತ್ತಿದ್ದವಳು ನಾನು, ಅದು ಮೈ ತಿಕ್ಕುತ್ತಿದ್ದುದು ನಿನಗೆ. ಅಮ್ಮನಿಗೆ ಕಾಯಿಲೆಯಾದಾಗ ಎರಡು ವರ್ಷ ಹಾಸಿಗೆ ಒಗೆದವಳು ನಾನು. ನೀನು ರಜಕ್ಕೆ ಬಂದು ತಲೆಯ ಹತ್ತಿರ ಸುಮ್ಮನೆ ಕೂತೆ, "ಕನಿ ಬಂದ್ಮೇಲೆ ನೋವೇ ಇಲ್ಲ ನೋಡು" ಅಂದಳು ಅಮ್ಮ. ನಾನು ಬಾಗಿಲ ಹಿಂದೆ ಬಕೆಟ್ ಹಿಡಿದು ನಿಂತಿದ್ದೆ. ನಾನು ದುಡಿಯಬೇಕು, ಕೂಗಾಡಬೇಕು, ಮನೆ ನಡೆಸಬೇಕು. ನೀನು ಬಂದು ಸುಮ್ಮನೆ ಕೂರುತ್ತೀಯ, ಎಲ್ಲವೂ ಎದ್ದು ನಿನ್ನ ಮಡಿಲಿಗೆ ಬರುತ್ತದೆ. ಮೇಕೆ ಹೋಗಲಿ ಎಂದೆ. ನಾಯಿಯನ್ನೂ ನಾನೇ ಕೈಯಾರೆ ಕಳಿಸಿದೆ. ಗಂಡನನ್ನು ಕಳಿಸಿರಲಿಲ್ಲ.

ಅವರಿಗೆ ಚೀಟಿ ಸಿಕ್ಕಿದ್ದನ್ನು ಹೇಳಿಲ್ಲ. ಮೊದಲು ನಿನ್ನ ಬಾಯಿಂದ ಕೇಳಬೇಕು. ಏನದು ನೀಲಿ ಅಂಗಿ?

ಅನ್ನಪಾಕಿಯಂ


ತಾಂಡಿಕುಡಿ
24 ಜನವರಿ 1995

ಅಕ್ಕ,

ನಿನಗೆ ಬೇಕಾದ್ದನ್ನು ಬರೆಯುತ್ತೇನೆ. ಕೂತುಕೊಂಡು ಓದು.

ನೀಲಿ ಅಂಗಿ ಜೂನ್ ತಿಂಗಳ ಆ ದಿನ ಭಾವ ತೊಟ್ಟಿದ್ದ ಅಂಗಿ. ಒಗೆಯದೆ ಚೀಲದಲ್ಲಿ ಬಚ್ಚಿಟ್ಟಿದ್ದರು. ಅದರ ಮದ್ದಿನ ವಾಸನೆಗೆ ಸೆವಲೆ ಮನೆಬಿಟ್ಟು ಓಡುತ್ತಿತ್ತು, ಭಾವ ಅದನ್ನು ಮುಟ್ಟಲೂ ಆಗದೆ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು. ಮೊದಲ ಸಲ ಬೇಲಿಯಾಚೆಯ ಮರಕ್ಕೆ ತೂಗುಹಾಕಿದೆವು. ಆಮೇಲೆ ಬೇಲಿಯ ಮೇಲೆ. ಆಮೇಲೆ ಜಗಲಿಯ ಕಂಬಕ್ಕೆ. ನಾಯಿ, ಭಾವ ಇಬ್ಬರೂ ಪಕ್ಕಪಕ್ಕ ಕೂತು ಅದನ್ನು ನೋಡುತ್ತಿದ್ದರು. ಪೊಂಗಲ್ ಹೊತ್ತಿಗೆ ತೊಟ್ಟುಕೊಳ್ಳಬೇಕೆಂದು ಹೇಳಿದ್ದೆ. ತೊಟ್ಟರು, ಐದು ನಿಮಿಷ. ಅಷ್ಟೇ ನಿನ್ನ ನೀಲಿ ಅಂಗಿಯ ಕಥೆ.

ಹೊಸ ಘಟಕಕ್ಕೆ ಅವರು ಒಂದು ದಿನವೂ ಹೋಗಿಲ್ಲ. ಗೇಟಿನ ತನಕ ಹೋಗಿ ಕಾಲು ಬರದೆ ವಾಪಸ್ ಬಂದರು. ಜುಲೈನಿಂದ ನಿಮ್ಮ ಊರಿನ ರೈಲ್ವೆ ಸ್ಟೇಷನ್ ಹಿಂದಿನ ಕಾಗದದ ಗೋದಾಮಿನಲ್ಲಿ ಬಂಡಲ್ ಹೊರುತ್ತಿದ್ದಾರೆ. ನಿನಗೆ ಹೇಳಲು ಅವರಿಗೆ ಹೆದರಿಕೆ. ನನ್ನಿಂದ ಆಣೆ ಮಾಡಿಸಿಕೊಂಡಿದ್ದರು, ಅದನ್ನು ಈಗ ಮುರಿದಿದ್ದೇನೆ.

ಯಾಕೆ ಹೆದರಿಕೆ ಎನ್ನುತ್ತೀಯ? ನಿನ್ನ ಕ್ಯಾಸೆಟ್ಟಿನಲ್ಲೇ ಇದೆ. ನೀನು ನಿಲ್ಲಿಸಿದೆ ಅಂದುಕೊಂಡ ಮೇಲೂ ಟೇಪು ಓಡುತ್ತಲೇ ಇತ್ತು. ಒಂದು ಸರ ಸಿಡಿಯುತ್ತದೆ, ಏನೋ ಬೀಳುತ್ತದೆ, ಆಮೇಲೆ ನಿನ್ನ ದನಿ. "ಏನ್ರೀ ಅದು, ಗಂಡಸಾಗಿ ಬಾಗ್ಲು ಹಿಂದೆ ಹೋಗಿ ಕೂತ್ಕೋತೀರಲ್ಲ, ಆ ನಾಯಿಗೂ ನಿಮ್ಗೂ ಏನ್ರೀ ವ್ಯತ್ಯಾಸ? ಎದ್ದೇಳ್ರೀ." ಅದನ್ನು ಕೇಳಿ ಸೆವಲೆ ಏನು ಮಾಡಿತು ಎಂದು ಒಂದಕ್ಷರ ಬಿಡದೆ ಬರಿ ಎಂದಿದ್ದೆಯಲ್ಲ. ನಿಂತಲ್ಲೇ ಉಚ್ಚೆ ಹೊಯ್ದುಕೊಂಡಿತು. ಪಟಾಕಿಗೆ ಮಲಗಿದಲ್ಲೇ ಮಲಗಿದ್ದ ನಾಯಿ.

ಕನಿ


ತಾಂಡಿಕುಡಿ
27 ಜನವರಿ 1995

ಅಕ್ಕಾ,

ಹಿಂದಿನ ಕಾಗದವನ್ನು ಡಬ್ಬಿಗೆ ಹಾಕಿದ ಮೇಲೆ ಅಂಚೆ ಕಚೇರಿಯ ಮೆಟ್ಟಿಲಲ್ಲೇ ಕೂತಿದ್ದೆ, ವಾಪಸ್ ಕೇಳೋಣವೆಂದು. ಅಷ್ಟರಲ್ಲಿ ಬಸ್ಸು ಬಂದು ಚೀಲ ಹೋಯಿತು.

ಬರೆದದ್ದರಲ್ಲಿ ಸುಳ್ಳಿಲ್ಲ. ಆದರೆ ಅರ್ಧವನ್ನೇ ಬರೆದೆ. ಸಿಟ್ಟಿನಲ್ಲಿ ನಿನ್ನನ್ನು ನೋಯಿಸುವ ಅರ್ಧವನ್ನು ಮಾತ್ರ ಆರಿಸಿಕೊಂಡೆ.

ಕ್ಯಾಸೆಟ್ಟಿನಲ್ಲಿ ಮೊದಲು ಬರುವುದು ನಿನ್ನ ಮೆಲುದನಿ. "ಸೆವಲೆ, ಊಟ ಆಯ್ತಾ ಕಂದಾ? ನಾನು ಬರ್ತೀನಿ, ಹೆದರ್ಬೇಡ" ಅನ್ನುತ್ತೀಯ. ಅದನ್ನು ಕೇಳಿದೊಡನೆ ಮಲಗಿದ್ದ ನಾಯಿ ನೆಗೆದು ಎದ್ದಿತು. ಟೇಪಿನ ಹಿಂದೆ ಹೋಗಿ ನೋಡಿತು. ಬಾಗಿಲಿಗೆ ಓಡಿತು, ಜಗಲಿಗೆ ಓಡಿತು, ಮತ್ತೆ ಬಂದು ಟೇಪಿನ ಮೇಲೆ ಎರಡೂ ಕಾಲಿಟ್ಟಿತು. ನಾನು ಎರಡು ತಿಂಗಳು ಬೆನ್ನು ಹಾಕಿ ಕೂತು, ಚೂರು ಚೂರು ತಿನ್ನಿಸಿ ಸಂಪಾದಿಸಿದ ನಾಯಿ ನಿನ್ನ ಒಂದು ಮಾತಿಗೆ ನಾನು ಅಲ್ಲಿದ್ದೇನೆ ಎಂಬುದನ್ನೇ ಮರೆತುಬಿಟ್ಟಿತು. ಕೂಗಾಟ ಬಂದದ್ದು ಆಮೇಲೆ. ಅದು ಬಂದಾಗ ನನಗೆ ಒಳಗೊಳಗೇ ಸಮಾಧಾನವಾಯಿತು, ಅಕ್ಕಾ. ಇದನ್ನು ಯಾರಿಗೂ ಹೇಳುವ ಹಾಗಿಲ್ಲ, ನಿನಗೆ ಹೇಳುತ್ತಿದ್ದೇನೆ.

ಇನ್ನೊಂದು. ಸೆವಲೆ ನವೆಂಬರ್‌ನಲ್ಲೇ ಸರಿಯಾಗಿತ್ತು. ಇಲ್ಲಿಗೆ ಬರುವ ನಾಯಿಗಳೆಲ್ಲ ಬೇರೆಯವರವು. ಕಚ್ಚುವುದನ್ನು ಬಿಟ್ಟು, ನನ್ನನ್ನು ನಂಬಲು ಕಲಿತ ವಾರವೇ ಹಗ್ಗ ಹಿಡಿದು ಬರುತ್ತಾರೆ. ಒಂದು ಸಲವಾದರೂ ಒಂದನ್ನು ಇಟ್ಟುಕೊಳ್ಳೋಣವೆನ್ನಿಸಿತು. ನಿನಗೆ ಮನೆಯಿದೆ, ಮಗಳಿದ್ದಾಳೆ, ಗಂಡನಿದ್ದಾನೆ, ಒಂದು ನಾಯಿ ಇಲ್ಲದಿದ್ದರೇನು ಎಂದುಕೊಂಡೆ. ಮೇಕೆಮರಿಯ ಮಾತು ಬರೆದಿದ್ದೀಯ. ಅದು ನನ್ನ ಹಿಂದೆ ಬರಲೆಂದು ನಾನು ಬೆಲ್ಲ ತಿನ್ನಿಸುತ್ತಿದ್ದೆ, ನಿನಗೆ ಕಾಣದ ಹಾಗೆ.

ಭಾವನ ಮೇಲೆ ಕೂಗಬೇಡ. ಅವರು ಹೆದರಿಕೆ ಬಿಡಲು ಇಲ್ಲಿಗೆ ಬರುತ್ತಿದ್ದರು, ನನ್ನನ್ನು ನೋಡಲಿಕ್ಕಲ್ಲ. ನನ್ನ ಜೊತೆ ಹತ್ತು ಮಾತು ಆಡಿದ್ದರೆ ಅದರಲ್ಲಿ ಒಂಬತ್ತು ನಿನ್ನವು. ಏನು ಮಾಡಿದರೆ ಅವಳಿಗೆ ಬೇಜಾರಾಗುವುದಿಲ್ಲ ಎಂದು.

ಬಂದು ಸೆವಲೆಯನ್ನು ಕರೆದುಕೊಂಡು ಹೋಗು.

ಕನಿ


ಶಿವಕಾಶಿ
5 ಮಾರ್ಚ್ 1995

ಕನಿ,

ಎರಡೂ ಕಾಗದಗಳು ಒಂದೇ ದಿನ ಬಂದವು. ಅಂಚೆಯವರು ದೂರದಿಂದಲೇ ಕಟ್ಟೆಯ ಮೇಲೆ ಇಟ್ಟು ಹೋದರು, ನಾಯಿ ಇಲ್ಲದಿದ್ದರೂ ಅವರಿಗೆ ಅದೇ ಅಭ್ಯಾಸ. ಮೊದಲನೆಯದನ್ನು ಓದಿ ಎರಡನೆಯದನ್ನು ಒಡೆಯದೆ ಟ್ರಂಕಿಗೆ ಹಾಕಿದೆ. ಅದನ್ನು ಒಡೆಯಲು ಎಂಟು ದಿನ ಬೇಕಾಯಿತು.

ಆ ಎಂಟು ದಿನ ನಾನು ಅವರ ಮೇಲೆ ಕೂಗಲಿಲ್ಲ. ಒಳ್ಳೆಯವಳಾದೆ ಎಂದುಕೊಳ್ಳಬೇಡ. ಬಾಯಿ ತೆರೆದರೆ ನಾನೇ ನನಗೆ ಕ್ಯಾಸೆಟ್ಟಿನ ಹಾಗೆ ಕೇಳಿಸುತ್ತಿದ್ದೆ.

ನಾವು ಹೋದ ವಾರ ನಿನ್ನಲ್ಲಿಗೆ ಬಂದಾಗ ಎಲ್ಲವನ್ನೂ ಮಾತಾಡಿ ಮುಗಿಸಿದೆವು ಎಂದು ನೀನು ತಿಳಿದಿರಬಹುದು. ಮುಗಿಸಲಿಲ್ಲ. ಕಾಫಿ ಕುಡಿದೆವು, ಮಗಳ ಸುದ್ದಿ ಆಡಿದೆವು, ಒಬ್ಬರ ಮುಖ ಒಬ್ಬರು ನೋಡದೆ ಸೊಪ್ಪು ಬಿಡಿಸಿದೆವು. ಹೇಳದೆ ಉಳಿದದ್ದನ್ನು ಈಗ ಬರೆಯುತ್ತಿದ್ದೇನೆ.

ಮೊದಲನೆಯದು, ಅವರನ್ನು ನಾನು ಹೇಗೆ ಹಿಡಿದೆ ಎಂಬುದು. ಒಂದು ಮಧ್ಯಾಹ್ನ ಸ್ಟೇಷನ್ ಹಿಂದಿನ ಆ ಗೋದಾಮಿಗೆ ಹೋದೆ. ತಲೆಗೆ ಟವೆಲ್ ಸುತ್ತಿಕೊಂಡು, ಬೆನ್ನ ಮೇಲೆ ಕಾಗದದ ಬಂಡಲ್ ಹೊತ್ತು ಲಾರಿಯ ಹಲಗೆ ಹತ್ತುತ್ತಿದ್ದರು. ಇಪ್ಪತ್ತೆರಡು ಜನರ ಮೇಸ್ತ್ರಿಯಾಗಿದ್ದವರು. ನನ್ನನ್ನು ಕಂಡು ಹಲಗೆಯ ಮೇಲೆಯೇ ನಿಂತುಬಿಟ್ಟರು. ಆಗ ಅವರ ಮುಖ, ಅಕ್ಕಿ ಡಬ್ಬದ ಹಿಂದೆ ಕೈ ಹಾಕಿದಾಗ ಸೆವಲೆ ನೋಡುತ್ತಿತ್ತಲ್ಲ, ಅದೇ ಮುಖ. ನಾನು ಒಂದು ಬಂಡಲ್ ಮೇಲೆ ಕೂತೆ. ಅವರು ಇಳಿದು ಬಂದರು.

"ಯಾರು ಹೇಳಿದ್ರು?"

"ಉಪ್ಪಿನಕಾಯಿ ಮರೆತು ಬಂದಿದ್ರಿ."

ಊಟದ ಕ್ಯಾರಿಯರ್ ಬಿಚ್ಚಿದರು. ನಾನು ರೈಲು ಹಳಿಯ ಕಡೆ ನೋಡುತ್ತ ಕೂತೆ. ಊಟ ಮುಗಿದ ಮೇಲೆ ಎದ್ದು ಬಂದೆ. ಮರುದಿನವೂ ಹೋದೆ, ಅದರ ಮರುದಿನವೂ. ಲೋಡರುಗಳು "ಅಣ್ಣಾಚಿ, ಕಾವಲಿಗೆ ಆಳು ಇಟ್ಕೊಂಡ್ರಾ" ಎಂದು ಗೇಲಿ ಮಾಡಿದರು. ಐದನೇ ದಿನ ಮೊಸರನ್ನ ಕಲಸುತ್ತ ಅವರಾಗಿಯೇ ಹೇಳಿದರು. "ನಾನು ನೀರು ಕುಡಿಯೋಕೆ ಅಂತ ಈಚೆ ಬಂದಿದ್ದೆ ಅನ್ನಂ. ಕೊಡ ಖಾಲಿ ಇತ್ತು ಅಂತ ಪಂಪ್ ತನಕ ಹೋದೆ. ಇಲ್ದಿದ್ರೆ ಐದು ಜನ." ಅಷ್ಟು ಹೇಳಿ ಊಟ ಮುಗಿಸಿದರು. ನಾನು ಕ್ಯಾರಿಯರ್ ಮುಚ್ಚಿಕೊಂಡು ಎದ್ದೆ. ಈಗ ಅವರು ಗೋದಾಮಿನ ಮಾಲೀಕರ ಮುದ್ರಣಾಲಯದಲ್ಲೇ ಕಾಗದ ಕತ್ತರಿಸುವ ಯಂತ್ರದ ಮುಂದೆ ನಿಲ್ಲುತ್ತಾರೆ. ಯಂತ್ರದ ಸದ್ದು ಜೋರೇ, ಆದರೆ ಒಂದೇ ಸಮ, ಅದರಿಂದ ತೊಂದರೆಯಿಲ್ಲವಂತೆ.

ಈ ಎಲ್ಲವನ್ನೂ ಅವರು ಆರು ತಿಂಗಳ ಮೊದಲೇ ನಿನಗೆ ಹೇಳಿದ್ದರು. ಅದು ಇನ್ನೂ ನನ್ನನ್ನು ಚುಚ್ಚುತ್ತಿದೆ, ಕನಿ. ನಾಯಿಯನ್ನು ಅಡಗಿಸಿಟ್ಟದ್ದನ್ನು ಕ್ಷಮಿಸಿದ್ದೇನೆ, ಬೆಲ್ಲವನ್ನೂ ಕ್ಷಮಿಸಿದ್ದೇನೆ. ಅವರ ಭುಜಕ್ಕೆ ಎಣ್ಣೆ ತಿಕ್ಕುತ್ತಿದ್ದವಳು ನಾನು, ಆ ಭುಜ ಯಾಕೆ ಬಾತಿದೆ ಎಂದು ಗೊತ್ತಿದ್ದವಳು ನೀನು. ಇದನ್ನು ಮಾತ್ರ ಕ್ಷಮಿಸಲು ನನಗೆ ಇನ್ನೂ ಬರುತ್ತಿಲ್ಲ. ನಿನ್ನ ತಪ್ಪಿಲ್ಲ ಎಂದು ಗೊತ್ತು. ಗೊತ್ತಿದ್ದರೂ ಹೊಟ್ಟೆ ಉರಿಯುತ್ತದೆ. ಸುಮ್ಮನೆ ಮುಚ್ಚಿಡುವುದಕ್ಕಿಂತ ಬರೆದೇಬಿಡೋಣ ಎನ್ನಿಸಿತು.

ಎರಡನೆಯದು, ನೀನು ನೋಡದಿದ್ದದ್ದು. ನಾವು ಬಂದ ದಿನ ನೀನು ಯಾರದೋ ಹಸುವಿನ ಹೆರಿಗೆಗೆ ಹೋಗಿದ್ದೆ. ನಿನ್ನ ಭಾವ ಮುಖ ತೊಳೆಯಲು ಹಿತ್ತಲಿಗೆ ಹೋದರು. ನಾನು ಜಗಲಿಯ ಮೆಟ್ಟಿಲ ಮೇಲೆ ಕೂತೆ, ಬಾಗಿಲಿಗೆ ಬೆನ್ನು ಹಾಕಿ. ಒಳಗಿಂದ ಉಗುರಿನ ಸದ್ದು ಬಂತು, ನಿಂತಿತು. ಅದರ ಹೆಸರು ನನ್ನ ನಾಲಿಗೆಯ ತುದಿಗೇ ಬಂದಿತ್ತು. ಅದನ್ನು ನುಂಗಿದೆ. ಬದುಕಿನಲ್ಲಿ ಅಷ್ಟು ಹೊತ್ತು ನಾನು ಬಾಯಿ ಮುಚ್ಚಿ ಕೂತಿದ್ದಿಲ್ಲ. ಬೆನ್ನು ಮೂಸಿತು, ಜಡೆ ಮೂಸಿತು. ಒಂದು ಸಲ ಹಿಂದಕ್ಕೆ ಹೋಯಿತು, ನನ್ನ ಜೀವವೂ ಅದರ ಜೊತೆ ಹೋಯಿತು. ಆಮೇಲೆ ಮುಂದೆ ಬಂದು ನನ್ನ ಪಾದದ ಮೇಲೆ ಗದ್ದ ಇಟ್ಟು ಮಲಗಿತು. ನೀನು ಬಂದಾಗ ನಾನು ಅಳುತ್ತಿರಲಿಲ್ಲ. ಅಷ್ಟರೊಳಗೇ ಅತ್ತು ಮುಗಿಸಿದ್ದೆ.

ಮೂರು ದಿನ ನೋಡಿದೆ. ಅಲ್ಲಿ ಅದು ಬಿಸಿಲಿಗೆ ಬೆನ್ನು ಕೊಟ್ಟು ಮಲಗುತ್ತದೆ. ತೋಟದವರು ಬಂದರೆ ಪಕ್ಕಕ್ಕೆ ನಿಂತು ದಾರಿ ಬಿಡುತ್ತದೆ. ಇಲ್ಲಿ ಈ ಕಾಗದ ಬರೆಯುವ ಹೊತ್ತಿನಲ್ಲೇ ಎರಡು ಸರ ಸಿಡಿದವು. ನೀನು ಎಷ್ಟೇ ಕಲಿಸಿದರೂ ಈ ಊರಿನಲ್ಲಿ ಅದು ದಿನವಿಡೀ ಪರೀಕ್ಷೆ ಬರೆಯುತ್ತಲೇ ಇರಬೇಕು. ಇದನ್ನು ನಾನು ಮೊದಲ ದಿನವೇ ಕಂಡಿದ್ದೆ. ಕರೆದುಕೊಂಡು ಹೋಗುವುದಿಲ್ಲ ಎಂದು ಹೇಳಲು ಮೂರನೇ ದಿನದ ಬಸ್ಸು ಬರಬೇಕಾಯಿತು. ನೀನು ಹಗ್ಗ ತಂದು ನನ್ನ ಕೈಗೆ ಕೊಟ್ಟೆ, ನಾನು ವಾಪಸ್ ಕೊಟ್ಟೆ. ಯಾಕೆಂದು ನೀನು ಕೇಳಲಿಲ್ಲ, ನಿನಗೂ ಭಯವಿತ್ತು, ಕೇಳಿದರೆ ಮನಸ್ಸು ಬದಲಿಸಿಬಿಟ್ಟೇನು ಎಂದು.

ಬಸ್ಸು ಹೊರಟಾಗ ನಾನು ಸೆವಲೆಯ ಕಡೆ ತಿರುಗಿಯೂ ನೋಡಲಿಲ್ಲ, ಒಂದು ಮಾತೂ ಆಡಲಿಲ್ಲ. ಸಿಟ್ಟಿನಿಂದ ಹೋದಳು ಎಂದು ನೀನು ಅಂದುಕೊಂಡಿರುತ್ತೀಯ. ತಿರುವಿನಲ್ಲಿ ಕಿಟಕಿಯಿಂದ ಬಗ್ಗಿ ನೋಡಿದೆ. ಅದು ನಿನ್ನ ಕಾಲ ಬುಡದಲ್ಲಿ ಎದ್ದು ನಿಂತು ಬಸ್ಸನ್ನೇ ನೋಡುತ್ತಿತ್ತು, ಒಂದು ಮುಂಗಾಲು ಎತ್ತಿಕೊಂಡು.

"ಒಂದ್ಸಲ ಕರೀಬಹುದಿತ್ತಲ್ಲ, ಪಾಪ" ಎಂದರು ನಿನ್ನ ಭಾವ.

"ಕರೆದಿದ್ರೆ ಬಂದ್ಬಿಡ್ತಿತ್ತು" ಎಂದೆ.

ನಿನ್ನ ಅಕ್ಕ